ಸುಭಾಗಿಯ ಎಡಗಾಲು

ಸುಭಾಗಿ ಭೂಮಿಗೆ ಬಂದದ್ದು ಕಾಲು ಮುಂದಾಗಿ, ಅದರಲ್ಲೂ ಎಡಗಾಲು. ಕಡಲಾಚೆಯ ದ್ವೀಪದ ಲಂಬಾಸ ಪೇಟೆಯಿಂದ ಆಚೆ, ಕಬ್ಬಿನ ರೈಲು ಹೊಳೆ ದಾಟುವ ಜಾಗದ ಒಂದು ತಗಡಿನ ಮನೆಯಲ್ಲಿ, ಕಬ್ಬು ಕಡಿಯುವ ಹಂಗಾಮಿನ ನಟ್ಟನಡುವೆ ಆ ಕಾಲು ಮೊದಲು ಕಾಣಿಸಿಕೊಂಡಿತು. ಉಳಿದ ಮೈ ಬರಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚನೆ ಮಾಡಿ, ಕಡೆಗೆ ಬೇರೆ ದಾರಿಯಿಲ್ಲದೆ ಬಂತು. ಹೊಳೆಯಾಚೆಯ ಹಳ್ಳಿಯ ಸೂಲಗಿತ್ತಿ ಮಗುವನ್ನು ತೊಳೆಯಲು ಬಿಸಿನೀರಿಗೆ ಕೈ ಚಾಚಿದಳು. ಬಾಗಿಲ ಬಳಿ ಹೋದ ವರ್ಷದಿಂದ ಸೊಂಟ ಹಿಡಿದುಕೊಂಡು ಮುದುರಿ ಕೂತಿದ್ದ ಅಜ್ಜಿ ಕೂಗಿದಳು.

"ತಡಿಯೇ, ತೊಳೀಬೇಡ. ತೊಳೆದ್ರೆ ಗುಣ ಹೋಗತ್ತೆ. ಇಲ್ಲಿ ತಾ ಆ ಕಾಲನ್ನ."

ಸೂಲಗಿತ್ತಿ ತಂದಳು. ಅಜ್ಜಿ ಬೆನ್ನು ತಿರುಗಿಸಿ, ಕಿರುಬೆರಳಷ್ಟುದ್ದದ ಆ ಪಾದವನ್ನು ತನ್ನ ಸೊಂಟಕ್ಕೆ ಒತ್ತಿಸಿಕೊಂಡಳು. ಕೂಸು ಚಳಿಗೋ ಸಿಟ್ಟಿಗೋ ಒಮ್ಮೆ ಝಾಡಿಸಿತು. ಅಜ್ಜಿ ಎದ್ದು ನಿಂತಳು, ಹಿತ್ತಲಿಗೆ ನಡೆದಳು, ಹಸುವಿನ ಹಾಲು ಕರೆದುಕೊಂಡು ಬಂದಳು. ಸಂಜೆಯ ಹೊತ್ತಿಗೆ ಸುದ್ದಿ ಸಕ್ಕರೆ ಗಿರಣಿಯ ತನಕ ಮುಟ್ಟಿತ್ತು. ಮಗುವಿಗೆ ಇನ್ನೂ ಹೆಸರಿರಲಿಲ್ಲ. ಕಸುಬು ಆಗಲೇ ಇತ್ತು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ನೋವು ಬಿಡುತ್ತದೆ ಎಂಬುದು ಆ ಕಡೆಯ ಜನಕ್ಕೆ ಸೂರ್ಯ ಹುಟ್ಟುವಷ್ಟೇ ಸಾಮಾನ್ಯ ವಿಷಯ. ಕಬ್ಬು ಕಡಿಯುವವರ ಬೆನ್ನು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಬೆಳಗಿನಿಂದ ಬಗ್ಗಿದ್ದು ಸಂಜೆ ನೆಟ್ಟಗಾಗುವುದಿಲ್ಲ. ಹೀಗಾಗಿ ಭಾನುವಾರ ಬಂತೆಂದರೆ ಸುಭಾಗಿಯ ಮನೆಯೆದುರಿನ ದೊಡ್ಡ ದೀವಿಹಲಸಿನ ಮರದಡಿ ಗಂಡಸರು ಸಾಲುಗಟ್ಟುತ್ತಿದ್ದರು. ಒಬ್ಬೊಬ್ಬರಾಗಿ ಬಂದು ಮರವನ್ನು ತಬ್ಬಿ ನಿಲ್ಲಬೇಕು. ಅಪ್ಪ ಮಗಳನ್ನು ಕಂಕುಳಲ್ಲಿ ಎತ್ತಿ ಒನಕೆಯ ಹಾಗೆ ತೂಗಿ ಬಿಡುತ್ತಿದ್ದ. ಕಾಲು ಹೋಗಿ ಸೊಂಟಕ್ಕೆ ಬಡಿಯುತ್ತಿತ್ತು. "ಹಾಂ, ಬಿಡ್ತು," ಅನ್ನುತ್ತಿದ್ದ ಕಡಿಯುವವ, ಹೋಗುತ್ತಿದ್ದ. ಸುಭಾಗಿಗೆ ಜನರ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯವಾಯಿತು. ಪೇಟೆಯಲ್ಲಿ ಯಾರಾದರೂ ಎದುರಿಗೆ ಬಂದು ಮಾತಾಡಿಸಿದರೆ ಸುಮ್ಮನೆ ನಿಲ್ಲುತ್ತಿದ್ದಳು. ಅವರು ತಿರುಗಿ ಹೊರಟ ಮೇಲೆ "ಅಯ್ಯೋ, ಇವರಾ," ಅಂದುಕೊಳ್ಳುತ್ತಿದ್ದಳು.

ಈ ಕೆಲಸಕ್ಕೆ ದೇವರು ಆರಿಸಿದ್ದು ಮಾತ್ರ ಎಂಥವಳನ್ನು. ಕೋಳಿ ದಾರಿಗಡ್ಡ ಬಂದರೆ ತಾನೇ ಪಕ್ಕಕ್ಕೆ ಸರಿದು ನಿಲ್ಲುವ ಹುಡುಗಿ. ಬೆಂಚಿಗೆ ಕಾಲು ತಾಗಿದರೆ ಬೆಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಶಾಲೆಯ ಹೆಡ್‌ಮಾಸ್ತರರು, ರಾಮ್‌ದಯಾಲ್ ಮಾಸ್ತರರು, ಭಾನುವಾರ ಮರ ತಬ್ಬಿ ನಿಂತಾಗ ಅವಳಿಗೆ ಜ್ವರ ಬಂದಂತಾಗಿತ್ತು. "ತಪ್ಪಾಯ್ತು ಸಾರ್," ಎಂದು ಕೈ ಮುಗಿದು ಒದ್ದಳು. ಸೋಮವಾರ ಮಗ್ಗಿ ತಪ್ಪಿದ್ದಕ್ಕೆ ಮಾಸ್ತರರು ಅವಳ ಅಂಗೈಗೆ ಬೆತ್ತದಲ್ಲಿ ಕೊಟ್ಟರು. ಎರಡಕ್ಕೂ ಸಂಬಂಧವಿಲ್ಲವೆಂದು ಇಬ್ಬರೂ ಮನಸಾರೆ ನಂಬಿದ್ದರು.

ಅವಳು ದೊಡ್ಡವಳಾದ ಮೇಲೆ ಹೊಳೆಯ ಕೆಳಗಿನ ಬಯಲಿನಿಂದ ಧನರಾಜಿ ಎಂಬ ಹೆಂಗಸು ಹೆಣ್ಣು ನೋಡಲು ಬಂದಳು. ಹುಡುಗಿ ರೊಟ್ಟಿ ಮಾಡುತ್ತಾಳಾ, ಹೊಲಿಗೆ ಬರುತ್ತದಾ ಎಂದು ಏನೊಂದೂ ಕೇಳಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು ಎದ್ದಳು. ಗೋಡೆಗೆ ಕೈ ಕೊಟ್ಟು ಬೆನ್ನು ತಿರುಗಿಸಿ ನಿಂತಳು.

"ಎಲ್ಲಿ, ನೋಡೋಣ," ಅಂದಳು.

ಸುಭಾಗಿ ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಸನ್ನೆ ಮಾಡಿದ. ಅವಳು ಧನರಾಜಿಯ ಕಾಲಿಗೆ ಬಿದ್ದು, ಎದ್ದು, ಒದ್ದು, ಮತ್ತೆ ಕಾಲಿಗೆ ಬಿದ್ದಳು.

ಧನರಾಜಿ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಿರುಗಿ ನೋಡಿಕೊಂಡಳು. "ಲಗ್ನ ಯಾವತ್ತು ಇಟ್ಕೊಳ್ಳೋಣ?" ಎಂದು ಕೇಳಿದಳು.

"ಹುಡುಗ ಒಂದ್ಸಲ ಬಂದು ನೋಡೋದು ಬೇಡ್ವಾ?" ಎಂದ ಅಪ್ಪ.

"ಅವನ ಸೊಂಟ ಚೆನ್ನಾಗಿದೆ. ಅವನಿಗೇನು ಗೊತ್ತಾಗತ್ತೆ."

ಹುಡುಗನ ಹೆಸರು ಬಿಸುನ್. ಕಬ್ಬಿನ ರೈಲು ರಸ್ತೆ ದಾಟುವಾಗ ಮುಂದೆ ಕೆಂಪು ಬಾವುಟ ಹಿಡಿದು ನಡೆಯುವುದು ಅವನ ಕೆಲಸ. ಮೆಲ್ಲಗೆ ನಡೆಯುವವ, ಮೆಲ್ಲಗೆ ಮಾತಾಡುವವ. ಮದುವೆಯಾದ ಮಾರನೆಯ ಬೆಳಿಗ್ಗೆಯೇ ಸೊಸೆಯ ದಿನಚರಿ ಗೊತ್ತಾಯಿತು. ಸ್ನಾನ, ಪೂಜೆ, ಅತ್ತೆಯ ಕಾಲಿಗೆ ನಮಸ್ಕಾರ, ಅತ್ತೆಗೆ ಒಂದು ಒದೆ, ಮತ್ತೆ ನಮಸ್ಕಾರ, ಆಮೇಲೆ ಚಹಾ. ಇದು ಜಗಲಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ನಡೆಯುತ್ತಿತ್ತು. ಅಕ್ಕಪಕ್ಕದ ಅತ್ತೆಯಂದಿರು ತಮ್ಮ ಸೊಸೆಯಂದಿರಿಗೆ ಕೆಟ್ಟ ಬುದ್ಧಿ ಬರಬಾರದೆಂದು ಬೇಲಿಗೆ ತಗಡು ಹೊಡೆಸಿದರು. ಸೊಸೆಯಂದಿರು ಮೊಳೆಯಲ್ಲಿ ತೂತು ಮಾಡಿಕೊಂಡು ನೋಡಿದರು.

"ನಮ್ಮನೆ ಸೊಸೆ ಥರ ಯಾರ ಸೊಸೆ ಇದಾಳೆ ತೋರಿಸ್ರಿ," ಎಂದು ಧನರಾಜಿ ಮದುವೆ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದಳು. "ದಿನಾ ಬೆಳಿಗ್ಗೆ ಒದೀತಾಳೆ. ಒಂದಿನ ತಪ್ಪಿಸಿಲ್ಲ."

ಕಷ್ಟವಾದದ್ದು ಬಿಸುನನಿಗೆ. ಸಂಜೆ ಮೆಲ್ಲಗೆ ಅಮಲೇರಿಸುವ ಯಂಗೋನ ಬೇರಿನ ನೀರು ಕಲಸಿದ ಬೋಗುಣಿಯ ಸುತ್ತ ಗಂಡಸರು ಕೂತಾಗ ಕರಟ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು, ಜೊತೆಗೆ ಮಾತೂ ಹೋಗುತ್ತಿತ್ತು. ಕಡಿಯುವ ತಂಡದ ಸರದಾರ ಜಗ್ಗು, ಎತ್ತಿಗೆ ಅಂಗಿ ತೊಡಿಸಿದಂಥ ಆಳು, ಒಂದು ದಿನ ಕೇಳಿಯೇಬಿಟ್ಟ. ಸುಭಾಗಿ ಅವನಿಗೆ ಭೌಜಿ, ಎಂದರೆ ಅತ್ತಿಗೆ.

"ಬಿಸುನ್ ಭಾಯ್, ಈ ಕಡೆ ಇರೋರೆಲ್ಲಾ ಭೌಜಿ ಕೈಲಿ ಒದೆ ತಿಂದಿದೀವಿ. ನಿನಗೊಬ್ಬನಿಗೇ ಇಲ್ವಂತಲ್ಲ. ಏನ್ ಜಗಳ ನಿಮ್ಮಿಬ್ಬರಿಗೆ?"

ಬಿಸುನ್ ನಗಲಿಲ್ಲ. ಮನೆಗೆ ಬಂದವನೇ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತ. "ಹಿಡ್ಕೊಂಡಿದೆ," ಅಂದ.

"ಎಲ್ಲಿ?" ಎಂದಳು ಸುಭಾಗಿ.

"ಎಲ್ಲರಿಗೂ ಎಲ್ಲಿ ಹಿಡ್ಕೊಳ್ಳತ್ತೋ ಅಲ್ಲಿ."

ಗಂಡನಾದ್ದರಿಂದ ಸ್ವಲ್ಪ ಹೆಚ್ಚೇ ಪ್ರೀತಿಯಿಂದ ಒದ್ದಳು. ಬಿಸುನ್ ಹಾಗೇ ಕೂತುಬಿಟ್ಟ. ಇಲ್ಲದ ನೋವು ನಿಜವಾಗಿ ಬಂದಿತ್ತು. ಆ ಹಂಗಾಮಿನಲ್ಲಿ ಬಹಳ ದಿನ ಅವನು ಬಾವುಟ ಹಿಡಿದು ಏಡಿಯಂತೆ ಅಡ್ಡಡ್ಡ ನಡೆದ. ಅವನ ಹಿಂದೆ ರೈಲು ತೆವಳಿತು, ರೈಲಿನ ಹಿಂದೆ ಲಂಬಾಸಿನ ಬಸ್ಸುಗಳು ನಿಂತವು. ಧನರಾಜಿ ಮಗನಿಗೆ ಎಣ್ಣೆ ತಿಕ್ಕುತ್ತ ಬೈದಳು. "ಇಲ್ಲದ ನೋವನ್ನ ತೆಗಿ ಅಂದ್ರೆ ಆ ಕಾಲು ತಾನೇ ಏನು ಮಾಡತ್ತೆ? ಮೊದ್ಲು ಒಳಗಿಟ್ಟು ಆಮೇಲೆ ತಾನೇ ತೆಗೀಬೇಕು. ತಿರುಗು, ಇನ್ನೊಂದು ಹಾಕಿಸ್ತೀನಿ."

ಬಿಸುನ್ ಬೇಡವೆಂದ. ನೋವು ತಾನಾಗಿ ಹೋಗುವ ತನಕ ಸುಭಾಗಿ ಅವನ ಬೆನ್ನಿಗೆ ಬಿಸಿ ಇಟ್ಟಿಗೆ ಕಟ್ಟಿದಳು. ಅವರಿಬ್ಬರ ನಡುವೆ ಸಲುಗೆ ಬೆಳೆದದ್ದು ಆ ಇಟ್ಟಿಗೆಯ ದಿನಗಳಲ್ಲಿ. ಆಮೇಲೆ ಎರಡು ಹೆಣ್ಣು ಮಕ್ಕಳಾದವು. ಎರಡೂ ತಲೆ ಮುಂದಾಗಿಯೇ ಹುಟ್ಟಿ ಧನರಾಜಿಯ ಆಸೆಗೆ ಕಲ್ಲು ಹಾಕಿದವು, ಬೆಳೆದು ಮದುವೆಯಾಗಿ ಬೇರೆ ದ್ವೀಪ ಸೇರಿದವು.

ಸುಭಾಗಿಗೆ ಕೂದಲು ನರೆತ ಕಾಲಕ್ಕೆ ಊರಿನ ಆರೋಗ್ಯ ಕೇಂದ್ರಕ್ಕೆ ವಿಲಿಮೈನಾ ಎಂಬ ತರುಣಿ ಬಂದಳು. ಹೊಳೆಯಾಚೆಯ ಹಳ್ಳಿಯವಳೇ, ರಾಜಧಾನಿ ಸುವಾದಲ್ಲಿ ಓದಿ ಬಂದವಳು. ಮೈಯ ನೋವಿಗೆ ಮಾತ್ರೆಯಿಲ್ಲದೆ ವ್ಯಾಯಾಮದಿಂದ ಮದ್ದು ಮಾಡುವುದು ಅವಳ ವಿದ್ಯೆ. ಜನ ಅವಳಿಗೆ ಬೆನ್ನಿನ ಸಿಸ್ಟರ್ ಎಂದು ಹೆಸರಿಟ್ಟರು. ಅವಳು ಬೆನ್ನನ್ನು ನೋಡುವ ಮೊದಲು ನಿದ್ದೆ ಬರುತ್ತದಾ, ಊಟ ಹೇಗೆ, ಭಾರ ಹೇಗೆ ಎತ್ತುತ್ತೀರಿ, ಮನಸ್ಸಿಗೇನು ಚಿಂತೆ ಎಂದು ಕೇಳುತ್ತಿದ್ದಳು. ಜಗ್ಗುವಿಗೆ ಇದು ಅರ್ಥವಾಗಲಿಲ್ಲ.

"ಸೊಂಟ ನೋವು ಅಂತ ಬಂದ್ರೆ ಹೆಂಡ್ತಿ ಹೇಗಿದಾಳೆ ಅಂತೀರಲ್ಲ ಸಿಸ್ಟರ್?"

"ಬೆನ್ನು ಒಂದೇ ಬರಲ್ಲ ಜಗ್ಗು ಕಾಕಾ. ಮನುಷ್ಯ ಪೂರ್ತಿ ಬರ್ತಾನೆ. ಪೂರ್ತಿ ಮನುಷ್ಯನ್ನೇ ನೋಡಬೇಕು."

"ನಾನು ಬೆನ್ನು ಮಾತ್ರ ತಂದಿದೀನಿ. ಮಿಕ್ಕಿದ್ದು ಮನೇಲಿ ಬಿಟ್ಟು ಬಂದಿದೀನಿ."

ಬಂದವರೆಲ್ಲ ಮೊದಲು ಸುಭಾಗಿಯ ಹತ್ತಿರ ಹೋಗಿ ಬಂದವರೇ ಎಂದು ತಿಳಿದು ವಿಲಿಮೈನಾ ಒಂದು ಮಧ್ಯಾಹ್ನ ಅವಳ ಮನೆಗೆ ನಡೆದು ಬಂದಳು. ಜಗಳ ನೋಡಬಹುದೆಂದು ತಗಡಿನ ತೂತುಗಳ ಹಿಂದೆ ಕಣ್ಣುಗಳು ಸೇರಿದವು. ಸುಭಾಗಿ ಹೆದರಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು.

"ನಿಲ್ಲಿಸಿ ಅಂತ ಹೇಳೋಕೆ ಬಂದಿಲ್ಲ ಕಾಕಿ," ಎಂದಳು ವಿಲಿಮೈನಾ. "ಬೆನ್ನುಮೂಳೆ ಮೇಲೆ ಮಾತ್ರ ಬೇಡ. ಪಕ್ಕಕ್ಕೆ, ಮೆತ್ತಗೆ. ಆಮೇಲೆ ಅವರನ್ನ ನನ್ನ ಹತ್ತಿರ ನಡೆಸೋಕೆ ಕಳಿಸಿ. ನೀವು ಹೇಳಿದ್ರೆ ಬರ್ತಾರೆ. ನಾನು ಹೇಳಿದ್ರೆ ಮಲ್ಕೋತಾರೆ."

"ಹಾಗಿದ್ರೆ ಎಲ್ಲರೂ ಒಂದೇ ಕಡೆ ಕೂತ್ರೆ ಆಗಲ್ವಾ ಮಗಳೇ?" ಅಂದಳು ಸುಭಾಗಿ. ಯಾರಿಗೂ ಬೇಸರವಾಗಬಾರದೆಂಬುದಷ್ಟೇ ಅವಳ ಲೆಕ್ಕ.

ಹೀಗೆ ಪ್ರತಿ ಬುಧವಾರ ರಾಮಾಯಣ ಮಂಡಳಿಯ ಸಭಾಂಗಣದಲ್ಲಿ ಬೆನ್ನಿನ ಕೂಟ ಶುರುವಾಯಿತು. ವಿಲಿಮೈನಾಳ ಸೋದರತ್ತೆಯೊಬ್ಬಳು ತೆಂಗಿನೆಣ್ಣೆ ಹಾಕಿ ತಿಕ್ಕುವುದರಲ್ಲಿ ಕೈ ಪಳಗಿದವಳು; ಅವಳು ಬಂದಳು. ನಿವೃತ್ತರಾಗಿ ಉಸಿರಿನ ಯೋಗ ಹಿಡಿದಿದ್ದ ರಾಮ್‌ದಯಾಲ್ ಮಾಸ್ತರರು ಬೆತ್ತದ ಸಮೇತ ಬಂದರು. ಸಂಕಟವಾದದ್ದು ಯಾವುದು ಮೊದಲು ಎಂಬುದರಲ್ಲಿ. ಎಣ್ಣೆ ಮೊದಲಾದರೆ ಒದೆ ಜಾರುತ್ತದೆ. ಒದೆ ಮೊದಲಾದರೆ ಎಣ್ಣೆ ಉರಿಯುತ್ತದೆ. ಉಸಿರು ಪೂರಾ ಹೊರಗೆ ಬಿಡದೆ ಒದೆಸಿಕೊಳ್ಳಕೂಡದೆಂದು ಮಾಸ್ತರರ ಹಟ. ಬೋಗುಣಿಯ ಸುತ್ತ ಕೂತು ಬಹಳ ಕರಟ ಖಾಲಿಯಾದ ಮೇಲೆ ತೀರ್ಮಾನವಾಯಿತು: ಮೊದಲು ಚಿಂತೆ, ಆಮೇಲೆ ಉಸಿರು, ಆಮೇಲೆ ಎಣ್ಣೆ, ಟವಲಿನಿಂದ ಒರೆಸುವುದು, ಒದೆ, ಕಡೆಗೆ ನಡಿಗೆ.

ಎಲ್ಲಕ್ಕಿಂತ ಉದ್ದದ ಸಾಲು ಬೆಳೆದದ್ದು ಚಿಂತೆ ಹೇಳುವ ಚಾಪೆಯ ಮುಂದೆ. ಬೆನ್ನು ಸರಿಯಿದ್ದವರೂ ಬಂದು ಅದೊಂದನ್ನೇ ಮಾಡಿಕೊಂಡು ಹೋಗತೊಡಗಿದರು. ಜಗ್ಗು ಮೊದಲ ವಾರ ಚಿಂತೆಯೇ ಇಲ್ಲವೆಂದ. ಎರಡನೆಯ ವಾರ ಒಂದೇ ಒಂದಿದೆಯೆಂದ. ಮೂರನೆಯ ವಾರ ಕೂತವನು ಸಭಾಂಗಣದ ಬೀಗ ಹಾಕುವ ತನಕ ಏಳಲಿಲ್ಲ. ಯಾವ ಮದ್ದಿಗೆ ಯಾರ ಬೆನ್ನು ಬಿಟ್ಟಿತೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಕಡಿಯುವವರ ಬೆನ್ನು ಬಿಡುತ್ತಿದ್ದದ್ದು ನಿಜ.

ಒಂದು ಬುಧವಾರ ಆ ಸೋದರತ್ತೆಯ ಟವಲು ಒದ್ದೆಯಾಗಿತ್ತು. ಜಗ್ಗುವಿನ ಬೆನ್ನು ಹೊಲದಷ್ಟು ಅಗಲ, ಒರೆಸಿದ್ದು ಅರ್ಧವೇ. ಅವನು ಕಂಬ ತಬ್ಬಿ ನಿಂತ, ಉಸಿರು ಬಿಟ್ಟ. ಸುಭಾಗಿ ಕೈ ಮುಗಿದು ಕಾಲೆತ್ತಿದಳು. ಪಾದ ಎಣ್ಣೆಯ ಮೇಲೆ ಜಾರಿ ಅವನ ಪಕ್ಕೆಯ ಆಚೆಗೆ ಹೋಯಿತು, ಸುಭಾಗಿಯ ಸೊಂಟದಲ್ಲಿ ಏನೋ ಕಟಕ್ಕೆಂದಿತು, ಕಾಲು ಗಾಳಿಯಲ್ಲಿ ಹಾಗೇ ನಿಂತುಬಿಟ್ಟಿತು.

"ಒದೀರಿ ಭೌಜಿ. ಉಸಿರು ಎಷ್ಟೊತ್ತು ಬಿಡ್ಲಿ?" ಎಂದ ಜಗ್ಗು ಕಂಬಕ್ಕೆ ಮುಖವಿಟ್ಟುಕೊಂಡೇ.

"ಒದ್ದಾಯ್ತು ಕಣಪ್ಪಾ," ಎಂದಳು ಸುಭಾಗಿ ಸಣ್ಣ ದನಿಯಲ್ಲಿ. "ವಾಪಸ್ ತಗೊಳ್ಳೋಕಾಗ್ತಿಲ್ಲ."

ಕಾಲು ಇಳಿಯಲೇ ಇಲ್ಲ. ಕಬ್ಬಿನ ಲಾರಿಯ ಮೇಲೆ ಚಾಪೆ ಹಾಸಿ, ಅದೇ ಭಂಗಿಯಲ್ಲಿ ಅವಳನ್ನು ಮಲಗಿಸಿ ಮನೆಗೆ ತಂದರು. ದಾರಿಯಲ್ಲಿ ಕಂಡವರು, ಸುಭಾಗಿ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾಳೆ ಅಂದುಕೊಂಡರು. ವಿಲಿಮೈನಾ ಬಂದು ಬಿಸಿ ಶಾಖ ಕೊಟ್ಟು, ದಿಂಬುಗಳನ್ನು ಒಂದೊಂದಾಗಿ ತೆಗೆದು ಕಾಲನ್ನು ಹಾಸಿಗೆಗೆ ಇಳಿಸಿದಳು. ಮೂಳೆಗೇನೂ ಆಗಿಲ್ಲ, ಹಿಡಿದುಕೊಂಡಿದೆ ಅಷ್ಟೆ, ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು ಅಂದಳು.

ಊರಿನವರಿಗೆ ಅದು ಸಾಲಲಿಲ್ಲ. ಸುಭಾಗಿಯ ಸೊಂಟಕ್ಕೆ ಬೇಕಾದದ್ದು ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರ ಒದೆ. ಆದರೆ ಅಂಥವರೆಲ್ಲಿದ್ದಾರೆ? ಈಗ ಕೂಸು ಹೊಟ್ಟೆಯಲ್ಲಿ ಅಡ್ಡತಿಡ್ಡ ಕೂತಿದೆಯೆಂದು ಗೊತ್ತಾದ ಕೂಡಲೇ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯುತ್ತಾರೆ. ಜಗ್ಗು ಮುಂದಾಳಾಗಿ ರೇಡಿಯೊದಲ್ಲಿ ಪ್ರಕಟಣೆ ಕೊಡಿಸಿದ. ಅಲ್ಲಿ ಅದನ್ನು ಸಾವಿನ ಸುದ್ದಿಗಳ ನಡುವೆ ಓದಿದರು. ಸುಭಾಗಿಯ ಹೆಸರು ಕೇಳಿದ ದೂರದ ನೆಂಟರು ಅಕ್ಕಿ ಚೀಲ ಹೊತ್ತು ಅಳುತ್ತ ಬಂದರು. ಅವಳು ಮಲಗಿದಲ್ಲಿಂದಲೇ "ಕೂತ್ಕೊಳ್ರಿ, ಚಹಾ ಕುಡೀರಿ," ಎಂದಾಗ ಒಬ್ಬಿಬ್ಬರಿಗೆ ಸ್ವಲ್ಪ ನಿರಾಸೆಯಾದದ್ದು ಮುಖದಲ್ಲಿ ಕಂಡಿತು.

ಪ್ರಕಟಣೆ ಕೇಳಿ ಸಾವುಸಾವು ಎಂಬ ಪೇಟೆಯಿಂದ ಒಬ್ಬ ಬಂದ. ತಾನು ಅಡ್ಡಲಾಗಿ ಹುಟ್ಟಿದವನು, ಮೊಣಕೈ ಮುಂದಾಗಿ, ಬೇಕಾದರೆ ಮೊಣಕೈಯಲ್ಲಿ ಗುದ್ದುತ್ತೇನೆ ಅಂದ. ಅವನಿಗೆ ಊಟ ಹಾಕಿ ಬಸ್ಸು ಹತ್ತಿಸಿದರು. ಆಮೇಲೆ ಬಂದವಳು ಪ್ರಣೀತಾ, ಪೇಟೆಯ ಬ್ಯಾಂಕಿನ ಗುಮಾಸ್ತೆ. ಹೊಟ್ಟೆಯಲ್ಲಿ ಕಾಲು ಕೆಳಗಾಗಿಯೇ ಇದ್ದವಳು, ಆದರೆ ಕೊಯ್ದು ತೆಗೆದದ್ದು. ಜಗಲಿಯ ಮೇಲೆ ದೊಡ್ಡ ಚರ್ಚೆಯಾಯಿತು.

"ಡಾಕ್ಟ್ರು ಕಾಲು ಹಿಡಿದೇ ಎಳೆದಿದ್ದು ಅಂತ ಅಮ್ಮ ಹೇಳಿದಾರೆ," ಎಂದಳು ಪ್ರಣೀತಾ.

"ಕಾಲೇ ಮುಂದೆ, ಒಪ್ಪಿದೆ," ಎಂದಳು ಧನರಾಜಿ. ಅವಳು ಆಗ ಹಣ್ಣು ಹಣ್ಣು ಮುದುಕಿ, ಆದರೆ ನಾಲಿಗೆ ಮಾತ್ರ ಹೊಸದು. "ಆದ್ರೆ ಮಗಳೇ, ನೀನು ಬಂದಿದ್ದು ಬಾಗಿಲಿನಿಂದಲ್ಲ. ಕಿಟಕಿಯಿಂದ."

"ಮನೆ ಒಳಗಿಂದ ತಾನೇ ಬಂದಿದ್ದು?" ಎಂದ ಬಿಸುನ್.

"ಕಳ್ಳನೂ ಕಿಟಕಿಯಿಂದಲೇ ಬರೋದು. ಅವನನ್ನ ನೆಂಟ ಅಂತೀವಾ?" ಎಂದ ಜಗ್ಗು.

ಕಡೆಗೆ ನಷ್ಟವೇನಿಲ್ಲವೆಂದು ಒದೆಸಿ ನೋಡುವುದೆಂದಾಯಿತು. ಪ್ರಣೀತಾ ಚಪ್ಪಲಿ ಕಳಚಿಟ್ಟು, ಬ್ಯಾಂಕಿನಲ್ಲಿ ಜನರನ್ನು ಕೂರಿಸುವ ಮರ್ಯಾದೆಯಲ್ಲೇ "ಸ್ವಲ್ಪ ಈ ಕಡೆ ತಿರುಗ್ತೀರಾ ಮೇಡಂ," ಎಂದು ಹೇಳಿ ಒದ್ದಳು. ಸುಭಾಗಿಯ ಬಾಯಿಂದ ಉಸಿರು ಹೊರಟಿತು. ಎಲ್ಲರೂ ಕಾದರು. ಸುಭಾಗಿಗೆ ಯಾರಿಗೂ ನೋವಾಗದ ಹಾಗೆ ಉತ್ತರ ಕೊಡಬೇಕಿತ್ತು. "ಮೇಲಿನರ್ಧ ಬಿಟ್ಟಿದೆ," ಎಂದಳು. ಕಿಟಕಿಗೆ ಅರ್ಧ ಗುಣವಿದೆ ಎಂದು ಊರು ಒಪ್ಪಿಕೊಂಡಿತು.

ಜನ ಹೋದ ಮೇಲೆ ಅವಳು ಬಿಸುನನನ್ನು ಕರೆದಳು. 

"ಇದು ನೋಯತ್ತಲ್ಲ," ಅಂದಳು.

"ಯಾವುದು?"

"ಒದೆ. ಒದ್ರೆ ನೋಯತ್ತೆ. ಇಷ್ಟು ವರ್ಷ, ಇಷ್ಟು ಜನ, ಒಬ್ಬರಾದ್ರೂ ಹೇಳಬಾರದಿತ್ತಾ?"

"ನಾನು ಹೇಳಿದ್ದೆ."

"ನೀವು ಎಲ್ಲದಕ್ಕೂ ಹಾಗೇ ಅಂತೀರಿ," ಎಂದು ಅವಳು ಗೋಡೆಯ ಕಡೆ ತಿರುಗಲು ಹೋಗಿ, ಆಗದೆ, ಸೂರು ನೋಡುತ್ತ ಮಲಗಿದಳು. ಕಣ್ಣಿನ ತುದಿಯಿಂದ ನೀರು ಕಿವಿಗಿಳಿಯಿತು. ಬಿಸುನ್ ಇಟ್ಟಿಗೆ ಕಾಯಿಸಲು ಎದ್ದು ಹೋದ.

ವಿಲಿಮೈನಾ ದಿನವೂ ಬಂದಳು. ಮೊದಲು ಹಾಸಿಗೆಯಿಂದ ಬಾಗಿಲಿಗೆ, ಆಮೇಲೆ ಜಗಲಿಗೆ, ಆಮೇಲೆ ರೈಲು ಹಳಿಯ ಪಕ್ಕದಲ್ಲಿ ಹೊಳೆಯ ಸೇತುವೆಯ ತನಕ ಅವಳನ್ನು ನಡೆಸಿದಳು. ಹಾಗೆ ನಡೆಯುವಾಗ ಒಂದು ಬೆಳಿಗ್ಗೆ, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು.

"ನಿಮಗೇನು ಚಿಂತೆ ಕಾಕಿ?"

ಸುಭಾಗಿ ನಿಂತಳು. ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಬ್ಬಿನ ಸೂಲಂಗಿ ಹೂ ಗಾಳಿಗೆ ಬಾಗಿ ಏಳುವುದನ್ನು ನೋಡಿದಳು.

"ನನಗೆ ಯಾರನ್ನೂ ಒದೆಯೋಕೆ ಇಷ್ಟ ಇಲ್ಲ ಮಗಳೇ," ಅಂದಳು. "ಯಾವತ್ತೂ ಇರಲಿಲ್ಲ."

"ಹಾಗಿದ್ರೆ ಯಾಕೆ ಒದ್ರಿ?"

"ಸಾಲಲ್ಲಿ ನಿಂತಿರೋರಿಗೆ ಇಲ್ಲ ಅನ್ನೋದು ಹೇಗೆ?"

ವಿಲಿಮೈನಾ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಸೇತುವೆಯ ತನಕ ಹೋಗಿ ಬಂದರು. ಆ ವಾರದಿಂದ ಸುಭಾಗಿಯ ಕೆಳಗಿನರ್ಧವೂ ಬಿಡತೊಡಗಿತು.

ಆದರೆ ಇನ್ನು ಒದೆಯಕೂಡದೆಂದು ಬೆನ್ನಿನ ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದರಿಂದ ಊರು ದಿಕ್ಕೆಟ್ಟಿತು. ಅದೇ ಹೊತ್ತಿಗೆ, ಹೊಸದಾಗಿ ಮದುವೆಯಾಗಿದ್ದ ವಿಲಿಮೈನಾ ಬಸುರಿಯಾದಳು. ಎಂಟನೆಯ ತಿಂಗಳಲ್ಲಿ ಪೇಟೆಯ ಆಸ್ಪತ್ರೆಯ ಯಂತ್ರದಲ್ಲಿ ನೋಡಿದಾಗ ಕೂಸು ಕಾಲು ಕೆಳಗೆ ಮಾಡಿ ಕೂತಿತ್ತು. ಅಲ್ಲಿ ನೆಲ ಒರೆಸುವವಳು ಜಗ್ಗುವಿನ ನಾದಿನಿ. ವಿಲಿಮೈನಾ ಬಸ್ಸಿಳಿಯುವ ಮೊದಲೇ ಸುದ್ದಿ ಊರಲ್ಲಿ ಇಳಿದಿತ್ತು.

ಅಂದಿನಿಂದ ಅವಳ ಮನೆಗೆ ಕೆಸುವಿನ ಗೆಡ್ಡೆ, ಮೀನು, ಬಾಳೆಗೊನೆ ಬರತೊಡಗಿದವು. ಧನರಾಜಿ ದಿನವೂ ಪಾಯಸ ಕಳಿಸಿದಳು. ಹೊಟ್ಟೆ ತುಂಬಿದ ಕೂಸು ಮಗ್ಗುಲು ಬದಲಿಸುವುದಿಲ್ಲವಂತೆ. ಅವಳ ಮನೆಯ ಮುಂದೆ ಲಾರಿಯವರು ಹಾರನ್ ಹೊಡೆಯುವುದನ್ನು ಬಿಟ್ಟರು. ಎದುರಿಗೆ ಸಿಕ್ಕವರು ಅವಳ ಮುಖ ನೋಡಿ ನಮಸ್ಕಾರ ಹೇಳಿ, ಹೊಟ್ಟೆ ನೋಡಿ ಇನ್ನೊಮ್ಮೆ ಹೇಳುತ್ತಿದ್ದರು. ಡಾಕ್ಟರು ಕೈಯಿಂದ ಕೂಸನ್ನು ತಿರುಗಿಸಲು ನೋಡುತ್ತಾರೆ, ಆಗದಿದ್ದರೆ ಕೊಯ್ಯುತ್ತಾರೆ ಎಂದು ತಿಳಿದಾಗ ತೊಳೆದ ಅಂಗಿ ಹಾಕಿದ ಗಂಡಸರ ಗುಂಪೊಂದು ಯಂಗೋನ ಬೇರಿನ ಕಟ್ಟನ್ನು ಕಾಣಿಕೆಯಾಗಿ ಹಿಡಿದು ಅವಳ ಚಾಪೆಯ ಮುಂದೆ ಕೂತಿತು.

"ಸಿಸ್ಟರ್," ಎಂದ ಜಗ್ಗು ಗಂಟಲು ಸರಿಮಾಡಿಕೊಂಡು. "ಈಗ ನಮ್ಮೂರಿನ ಬೆನ್ನೆಲ್ಲಾ ನಿಮ್ಮ ಹೊಟ್ಟೇಲಿದೆ. ತಿರುಗಿಸೋದು ಬೇಡ. ಕಿಟಕಿನೂ ಬೇಡ. ಬಾಗಿಲಿಂದಲೇ ಕಳಿಸಿ."

ವಿಲಿಮೈನಾ ನಕ್ಕಳು. ಯಾರೂ ನಗದಿದ್ದದ್ದು ಕಂಡು ನಗು ನಿಂತಿತು. ಅವರು ಹೋದ ಮೇಲೆ ಒಬ್ಬಳೇ ಕೂತು ಅತ್ತಳು.

ಸುಭಾಗಿಗೆ ಇದು ಗೊತ್ತಾದದ್ದು ತಗಡಿನ ತೂತಿನ ಆಚೆಯಿಂದ. ಅವಳು ಸೀರೆ ಬದಲಿಸಿ, ಯಾರಿಗೂ ಹೇಳದೆ, ಹಳಿಯ ಪಕ್ಕದಲ್ಲಿ ಒಬ್ಬಳೇ ನಡೆದು ಸೇತುವೆ ದಾಟಿ ಹೋದಳು. ವಿಲಿಮೈನಾಳನ್ನು ಮಲಗಿಸಿ, ಹೊಟ್ಟೆಯ ಪಕ್ಕ ಕೂತು, ಅಂಗೈ ಮೆಲ್ಲಗೆ ಇಟ್ಟಳು. ಕೂಸು ಒಳಗಿಂದ ಅವಳ ಅಂಗೈಗೆ ಒದೆಯಿತು.

"ಒದೆ ಚೆನ್ನಾಗಿದೆ ಕಣಪ್ಪ," ಎಂದಳು ಸುಭಾಗಿ ಹೊಟ್ಟೆಗೆ ಬಾಯಿ ಹತ್ತಿರ ತಂದು. "ಆದ್ರೆ ಬೇಡ. ಭಾನುವಾರ ಅನ್ನೋದೇ ಇರಲ್ಲ. ಆಟಕ್ಕೆ ಕರೆಯೋರಿರಲ್ಲ, ಬರೋರೆಲ್ಲಾ ಬೆನ್ನು ತೋರಿಸ್ಕೊಂಡೇ ಬರ್ತಾರೆ. ಇಷ್ಟ ಇಲ್ಲ ಅಂತ ಈಗಲೇ ಹೇಳಿಬಿಡು. ಆಮೇಲೆ ಹೇಳೋಕಾಗಲ್ಲ. ತಿರುಗ್ಕೋ ಮಗಾ."

ಇಬ್ಬರು ಹೆಂಗಸರೂ ಹೊಟ್ಟೆಯ ಕಡೆ ಕಿವಿ ಕೊಟ್ಟರು. ಕೂಸು ಏನೂ ಹೇಳಲಿಲ್ಲ.

ಮರುವಾರ ಆಸ್ಪತ್ರೆಯಲ್ಲಿ ಡಾಕ್ಟರು ಅಂಗಿಯ ತೋಳು ಮಡಿಚಿ, ಕೈ ತೊಳೆದು, ಹೊಟ್ಟೆಯ ಮೇಲೆ ಕೈಯಿಟ್ಟರು. ಇನ್ನೂ ಒತ್ತಿಯೇ ಇರಲಿಲ್ಲ. ಕೂಸು ಮೀನಿನ ಹಾಗೆ ಸರಕ್ಕನೆ ತಿರುಗಿ ತಲೆ ಕೆಳಗೆ ಮಾಡಿಕೊಂಡಿತು. ತಿಂಗಳು ತುಂಬಿದ ಮೇಲೆ, ಯಾವ ತಕರಾರೂ ಇಲ್ಲದೆ, ತಲೆ ಮುಂದಾಗಿ ಹೆಣ್ಣು ಮಗು ಹುಟ್ಟಿತು.  ಆ ಸಂಜೆ ಬೋಗುಣಿಯ ಸುತ್ತ ಕೂತವರು ಕರಟ ಮುಟ್ಟಲಿಲ್ಲವೆಂದು ಬಿಸುನ್ ಬಂದು ಹೇಳಿದ. ಮಾರನೆಯ ದಿನ ಜಗ್ಗು ಸುಭಾಗಿಯ ಜಗಲಿಗೆ ಬಂದ.

"ಭೌಜಿ, ನಿಜ ಹೇಳಿ. ಸೇತುವೆ ದಾಟಿ ಹೋಗಿ ಆ ಕೂಸಿಗೆ ಏನು ಹೇಳಿದ್ರಿ?"

"ಕಷ್ಟ ಸುಖ ಮಾತಾಡ್ದೆ."

"ನಮ್ಮ ಕಷ್ಟ ಹೇಳಲಿಲ್ವಾ?"

"ಅದು ಚಿಕ್ಕದು ಜಗ್ಗು. ನಿಮ್ಮ ಕಷ್ಟ ದಪ್ಪ."

ಜಗ್ಗು ಸಿಟ್ಟಿನಿಂದ ಮೆಟ್ಟಿಲಿಳಿದ. ಆದರೆ ಹದಿನೈದು ದಿನ ಕಳೆಯುವುದರೊಳಗೆ, ಮಗುವಿನ ಹೆಸರಿಡುವ ಊಟಕ್ಕೆ ದೊಡ್ಡ ಹಂಡೆಯನ್ನು ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಮತ್ತೆ ಅದೇ ಜಗಲಿಯ ಕಂಬ ತಬ್ಬಿ ನಿಂತ.

"ಒದೀರಿ ಅಂತ ಕೇಳಲ್ಲ ಭೌಜಿ. ಏನಾದ್ರೂ ಮಾಡಿ. ಕಡೇ ಪಕ್ಷ ಬೈರಿ."

ಸುಭಾಗಿ ಜನ್ಮದಲ್ಲಿ ಯಾರನ್ನೂ ಬೈದವಳಲ್ಲ. ಸೆರಗು ಸರಿಮಾಡಿಕೊಂಡು ಯೋಚಿಸಿ, "ನೀವು... ಸ್ವಲ್ಪ ಜಾಸ್ತಿ ಊಟ ಮಾಡ್ತೀರಿ," ಅಂದಳು.

ಜಗ್ಗು ಕಂಬ ಬಿಟ್ಟು ನಿಧಾನವಾಗಿ ಸೊಂಟ ತಿರುಗಿಸಿ ನೋಡಿಕೊಂಡ. "ಏನೋ ಸ್ವಲ್ಪ ಸಡಿಲ ಆದ ಹಾಗಿದೆ," ಅಂದ. "ಇನ್ನೊಂದು ಹೇಳಿ."

ಒಳಗಿನಿಂದ ಇದನ್ನು ಕೇಳುತ್ತಿದ್ದ ಧನರಾಜಿಗೆ ತಡೆಯಲಾಗಲಿಲ್ಲ. "ಅದೇನೇ ಬೈಗುಳ, ಹಾಲು ಅನ್ನದ ಥರ?" ಎಂದು ಕೋಲೂರಿಕೊಂಡು ಹೊರಗೆ ಬಂದಳು. ಆವತ್ತಿನಿಂದ ಬೆಳಗಿನ ಚಹಾಕ್ಕೆ ಮೊದಲು ಅತ್ತೆ ಸೊಸೆಗೆ ಪಾಠ ಹೇಳಿಕೊಟ್ಟಳು. ದನಿ ಎಲ್ಲಿ ಏರಿಸಬೇಕು, ಯಾರ ಅಜ್ಜನನ್ನು ಎಲ್ಲಿ ತರಬೇಕು, ಎಲ್ಲಿ ನಿಲ್ಲಿಸಿದರೆ ಉರಿ ಹೆಚ್ಚು, ಎಲ್ಲವನ್ನೂ. ಅಷ್ಟು ವರ್ಷ ಆ ವಿದ್ಯೆಗೆ ವಾರಸುದಾರರಿಲ್ಲದೆ ಮುದುಕಿ ಕೊರಗಿದ್ದಳೆಂದು ಆಗ ಗೊತ್ತಾಯಿತು.

ವಿಲಿಮೈನಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದು ಇದನ್ನು ನೋಡಿ, ತಾನು ತೂಕ ಇಳಿಸಿ, ನಡೆಯಿರಿ, ಮೊಣಕಾಲು ಮಡಿಚಿ ಭಾರ ಎತ್ತಿ ಎಂದು ಮೆತ್ತಗೆ ಹೇಳಿದ್ದೆಲ್ಲವನ್ನೂ ಸುಭಾಗಿಗೆ ಬೈಯಲು ವಹಿಸಿದಳು. ಜನ ಮೊದಲ ಬಾರಿಗೆ ಕೇಳಿದರು. ಸುಭಾಗಿ ಮೊದಮೊದಲು ಬೈದು ಒಳಗೆ ಹೋಗಿ ಅಳುತ್ತಿದ್ದಳು. ಬರಬರುತ್ತ ಅಳು ಕಡಿಮೆಯಾಯಿತು, ರುಚಿ ಹತ್ತಿತು. ಧನರಾಜಿ ತೀರಿಕೊಳ್ಳುವ ಹೊತ್ತಿಗೆ ಸೊಸೆಯ ಹೆಸರು ಸೆಯಂಗಾಂಗಾ ಬೆಟ್ಟದ ಆಚೆಗೂ ಹಬ್ಬಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಟು ಬೈಸಿಕೊಂಡು ಸಂಜೆಗೆ ನೆಟ್ಟಗೆ ಹಿಂದಿರುಗುವವರಿದ್ದರು. ಬುಧವಾರ ಸಭಾಂಗಣದ ಪಕ್ಕದ ಹೊಲದಲ್ಲಿ ಕಡಿಯುವವರು ಕತ್ತಿ ನಿಲ್ಲಿಸಿ ಕಿವಿಗೊಡುತ್ತಿದ್ದರು. ಅವಳ ದನಿ ತಗಡಿನ ಸೂರು ದಾಟಿ ಬರುತ್ತಿತ್ತು: "ಮಾಸ್ತರ್ರೇ, ವಯಸ್ಸಾಯ್ತು, ಬುದ್ಧಿ ಬರಲಿಲ್ಲ. ನೀರಿನ ಬಕೆಟ್ಟು ಹಾಗಾ ಎತ್ತೋದು? ಮಗ್ಗಿ ಹೇಳ್ಕೊಟ್ಟೋರಿಗೆ ಮೊಣಕಾಲು ಮಡಿಚೋಕೆ ಬರಲ್ವಾ? ಏಳಿ, ಏಳಿ. ನಡೀರಿ ಸೇತುವೆ ತನಕ."